ಸಬ್‌ವೂಫರ್ ಹಾಕಿದ ಮೇಲೆ ಹಾಲ್ ದೊಡ್ಡದಾಗಿ ಕೇಳೋ ಬದಲು ಕುಗ್ಗಿದೆ. ಯಾಕೆ?

ಕುವೆಂಪುನಗರ_ಕಿವಿ
ಎಲ್ಲರಿಗೂ ನಮಸ್ಕಾರ. ತಲೆ ಕೆಟ್ಟು ಹೋಗಿದೆ. "ಸಬ್ ಇರೋದು ಗುಡುಗೋಕೆ ಅಲ್ಲ, ಜಾಗ ದೊಡ್ಡದಾಗಿ ಕೇಳೋಕೆ" ಅಂತ ಇಲ್ಲೇ ಎಷ್ಟು ಜನ ಬರೆದಿದ್ದೀರಿ. ನಂಬಿ 10 ಇಂಚಿನ ಆ್ಯಕ್ಟಿವ್ ಸಬ್ (ಆಳದ ಬಾಸ್‌ಗೇ ಅಂತ ಇರೋ, ಆಂಪ್ ಒಳಗೇ ಇರೋ ಸ್ಪೀಕರ್) ತಂದೆ. ಮೊದಲು ಸಣ್ಣ ಬುಕ್‌ಶೆಲ್ಫ್ ಸ್ಪೀಕರ್ ಎರಡೇ ಇದ್ದಾಗ ಹಾಡುವವರು ಸ್ಪೀಕರ್‌ಗಳ ಹಿಂದೆ, ಗೋಡೆಯ ಆಚೆ ಇದ್ದಾರೆ ಅನ್ನಿಸುತ್ತಿತ್ತು. ಈಗ ಎಲ್ಲ ಮುಂದಕ್ಕೆ ಬಂದು ಎಡಗಡೆ ಮೂಲೆಗೆ ಜಗ್ಗುತ್ತಿದೆ. ಮೃದಂಗದ ಎಡಭಾಗ ಬರೀ ದೊಪ್ ದೊಪ್. ಕಛೇರಿಯ ಲೈವ್ ರೆಕಾರ್ಡಿಂಗ್‌ನಲ್ಲಿ ಸಭಾಂಗಣ ಅನ್ನೋದೇ ಮಾಯ. ವಾಲ್ಯೂಮ್ ಇಳಿಸಿದರೆ ಸಬ್ ಇದ್ದೂ ಇಲ್ಲದ ಹಾಗೆ, ಏರಿಸಿದರೆ ಪಕ್ಕದ ಬೀದಿಯ ಮದುವೆ ಡಿಜೆ. ಸೆಟ್ಟಿಂಗ್ ಎಲ್ಲ ನೋಡಿದ್ದಾಯ್ತು, ಕೇಬಲ್ ಒಳ್ಳೆಯದೇ. ಏನು ಮಾಡಲಿ?

ಫೇಸ್‌ಗುರು
ಫೇಸ್, ಅಂದರೆ ಸಬ್ ಅಲೆ ಸ್ಪೀಕರ್ ಅಲೆಯ ಜೊತೆ ಒಂದೇ ಹೆಜ್ಜೆ ಹಾಕೋದು. ನೂರಕ್ಕೆ ನೂರು ಫೇಸ್. ಹಿಂದೆ 0/180 ಸ್ವಿಚ್ ಇರುತ್ತೆ, 180ಕ್ಕೆ ಹಾಕಿ ಕೇಳಿ.

ಕುವೆಂಪುನಗರ_ಕಿವಿ
ಹಾಕಿದೆ ಸರ್. ಬಾಸ್ ಕಮ್ಮಿ ಆಯ್ತು. ಮೂಲೆಗೆ ಜಗ್ಗೋದು ಹಾಗೇ ಇದೆ.

ಫೇಸ್‌ಗುರು
ಕಮ್ಮಿ ಆಯ್ತು ಅಂದರೆ 0 ಸರಿ, ವಾಪಸ್ ಹಾಕಿ. ಸ್ವಿಚ್ ಜೊತೆ ನಾಬ್ ಕೂಡ ಇದ್ದರೆ ನಿಧಾನಕ್ಕೆ ತಿರುಗಿಸಿ. ಲೆಕ್ಕ ಹೇಳ್ತೀನಿ. 80 ಹರ್ಟ್ಜ್ ಅಲೆಯ ಉದ್ದ ಸುಮಾರು 4.3 ಮೀಟರ್. ನಿಮ್ಮ ಸಬ್ ಸ್ಪೀಕರ್‌ಗಿಂತ ಒಂದು ಮೀಟರ್ ದೂರ ಇದ್ದರೆ ಅಲ್ಲೇ 84 ಡಿಗ್ರಿ ಹೋಯ್ತು, ಹತ್ತಿರಹತ್ತಿರ ಕಾಲು ಸುತ್ತು. ಕ್ರಾಸೋವರ್ ಜಾಗದಲ್ಲಿ, ಅಂದರೆ ಸ್ಪೀಕರ್ ಬಿಟ್ಟು ಸಬ್ ಹಿಡಿಯೋ ಕಡೆ, ಎರಡೂ ಕೂಡಿಕೊಳ್ಳದೆ ಕಚ್ಚಾಡ್ತವೆ. ಮನೆಯವರ ಹತ್ತಿರ ನಾಬ್ ತಿರುಗಿಸೋಕೆ ಹೇಳಿ, ನೀವು ಸೋಫಾ ಮೇಲೆ ಕೂತು ಕೇಳಿ.

ಡಲ್ಲಾಸ್_ಕನ್ನಡಿಗ
ಗುರುಗಳೇ, ಸ್ವಲ್ಪ ತಡೀರಿ. ರೂಮ್ ಎಷ್ಟು ದೊಡ್ಡದು, ಸಬ್ ಎಲ್ಲಿದೆ, ಸೋಫಾ ಎಲ್ಲಿದೆ ಅಂತ ಯಾರೂ ಕೇಳಿಯೇ ಇಲ್ಲ.

ಕುವೆಂಪುನಗರ_ಕಿವಿ
ಮಾಮೂಲಿ ಹಾಲ್. 16 ಅಡಿ ಉದ್ದ, 11 ಅಡಿ ಅಗಲ, ಎತ್ತರ 10. ಇಟ್ಟಿಗೆ ಗೋಡೆ, ಮೇಲೆ ಆರ್‌ಸಿಸಿ, ಕೆಳಗೆ ವಿಟ್ರಿಫೈಡ್ ಟೈಲ್ಸ್. ಸ್ಪೀಕರ್ 11 ಅಡಿ ಗೋಡೆ ಕಡೆ, ಸೋಫಾ ಎದುರು ಗೋಡೆಗೆ ಒತ್ತಿಕೊಂಡಿದೆ. ಸಬ್ ಟಿವಿ ಯೂನಿಟ್ ಪಕ್ಕ ಎಡ ಮೂಲೆಯಲ್ಲಿ, ಯಾಕಂದರೆ ಪ್ಲಗ್ ಪಾಯಿಂಟ್ ಅಲ್ಲೇ ಇರೋದು. ಬೇರೆ ಕಡೆ ಇಡೋಕೆ ಮನೇಲಿ ಬಿಡಲ್ಲ, ಆ ವಿಷಯ ಎತ್ತಬೇಡಿ.

ಡಲ್ಲಾಸ್_ಕನ್ನಡಿಗ
ಎತ್ತಲ್ಲ. ಆದರೆ 565ನ್ನು ಅಡಿಯಿಂದ ಭಾಗಿಸಿ ನೋಡಿ, ಹಾಲ್‌ನ ಮೊದಲ ಮೋಡ್ ಸಿಗುತ್ತೆ, ಅಂದರೆ ಎದುರುಬದುರು ಗೋಡೆಗಳ ನಡುವೆ ಅಲೆ ನಿಂತು ಊದಿಕೊಳ್ಳೋ ಸ್ವರ. ಉದ್ದಕ್ಕೆ 35 ಹರ್ಟ್ಜ್, ಅಗಲಕ್ಕೆ 51, ಎತ್ತರಕ್ಕೆ 56. ಮೂಲೆಯಲ್ಲಿಟ್ಟ ಸಬ್ ಮೂರನ್ನೂ ಎಬ್ಬಿಸುತ್ತೆ. ನೀವು ಹಿಂದಿನ ಗೋಡೆಗೆ ತಲೆ ಆನಿಸಿ ಕೂತಿದ್ದೀರಿ, 35ರ ಒತ್ತಡ ಅತಿ ಹೆಚ್ಚು ಇರೋದೇ ಅಲ್ಲಿ. ದೊಪ್ ದೊಪ್‌ಗೆ ಅರ್ಧ ಕಾರಣ ಇದು. ಇನ್ನೊಂದು ಮಾತು: ಇಲ್ಲಿ ನಮ್ಮ ಮನೆ ಗೋಡೆ ಮರದ ಚೌಕಟ್ಟಿನ ಮೇಲೆ ಜಿಪ್ಸಮ್ ಹಲಗೆ. ಅದು ತಾನೇ ಅಲುಗಾಡಿ ಬಾಸನ್ನು ಒಂದಿಷ್ಟು ನುಂಗುತ್ತೆ. ನಿಮ್ಮ ಇಟ್ಟಿಗೆ, ಕಾಂಕ್ರೀಟ್ ಅಲುಗೋದಿಲ್ಲ, ಬಂದದ್ದನ್ನು ಹಾಗೇ ವಾಪಸ್ ಕಳಿಸುತ್ತೆ. ಅಮೆರಿಕದ ರಿವ್ಯೂ ಓದಿ ಮೈಸೂರಿನಲ್ಲಿ ಸಬ್ ಲೆವೆಲ್ ಇಟ್ಟರೆ ಜಾಸ್ತಿ ಆಗೋದು ಗ್ಯಾರಂಟಿ.

ಕೊಡಿಯಾಲ್_ಬಾಸ್
ನಮ್ಮದು ಹಂಚಿನ ಮಾಡು ಮಾರಾಯ್ರೇ, ಬಾಸ್ ಒಳಗೆ ನಿಲ್ಲುವುದೇ ಇಲ್ಲ. ಮೋಡ್ ಗೀಡ್ ಎಂತದ್ದೂ ಗೊತ್ತಾಗುವುದಿಲ್ಲ. 12 ಇಂಚಿನ ಸೀಲ್ಡ್ (ತೂತಿಲ್ಲದ ಮುಚ್ಚಿದ ಪೆಟ್ಟಿಗೆ) ಸಬ್ ಎರಡು ಉಂಟು, ಎಡಕ್ಕೊಂದು ಬಲಕ್ಕೊಂದು, ಪವರ್ ಆಂಪ್ ಬೇರೆ, ಧ್ವನಿ ತಿದ್ದುವ ಮಿನಿಡಿಎಸ್‌ಪಿ ಬೇರೆ. ಮಳೆಗಾಲದಲ್ಲಿ ಪೇಪರ್ ಕೋನಿಗೆ ಬೂಷ್ಟು ಹಿಡಿಯುತ್ತದೆ ಅಂತ ಪಾಲಿಪ್ರೊಪಿಲೀನ್ ಕೋನಿನದ್ದೇ ಹುಡುಕಿ ತಂದದ್ದು. ಮುಂದಿನ ತಿಂಗಳು ಟರ್ನ್‌ಟೇಬಲ್‌ಗೆ ಕಡಪ ಕಲ್ಲಿನ ಪ್ಲಿಂತ್ ಮಾಡಿಸ್ತಾ ಇದ್ದೇನೆ, ಫೋಟೊ ಹಾಕ್ತೇನೆ.

ತಂಬೂರಿ_ಧಾರವಾಡ
ಫೋಟೊ ಹಾಕ್ರಿ, ನೋಡೋಣು. ಆದ್ರ ಮೂಲ ಪ್ರಶ್ನೆಗೇ ನನ್ನ ತಕರಾರು ಅದ. ಗಂಡಸರ ಗಾಯನ, ಕಾಳಿ ಒಂದು (ಹಾರ್ಮೋನಿಯಂನ ಮೊದಲ ಕಪ್ಪು ಮನಿ) ಶ್ರುತಿ ಹಿಡೀರಿ. ಷಡ್ಜ 138 ಹರ್ಟ್ಜ್, ತಂಬೂರಿ ಖರ್ಜ (ಎಲ್ಲಕ್ಕಿಂತ ಕೆಳಗಿನ ತಂತಿ) 69. ಅದರ ಕೆಳಗ ಹಾಡಿನ್ಯಾಗ ಸ್ವರಾನೇ ಇಲ್ಲ. ಮತ್ತ 30, 40 ಹರ್ಟ್ಜ್‌ನ್ಯಾಗ ಏನ್ ಕೇಳ್ಲಿಕ್ಕೆ ಸಬ್ ಬೇಕು? ಇದು ಅಂಗಡಿಯವರು ಹಬ್ಬಿಸಿದ ಮಾತು ಅಂತ ನನಗ ಭಾಳ ದಿವಸದಿಂದ ಅನಸ್ತದ.

ಎರಡು_ಸಬ್
ತಂಬೂರಿ ಅವರೇ, ಸ್ವರ ಇಲ್ಲ, ನಿಜ. ಆದರೆ ಸಭಾಂಗಣ ಇದೆಯಲ್ಲ? ಮೈಕ್ ಹಿಡಿಯೋದು ಬರೀ ಗಾಯಕರನ್ನಲ್ಲ. ಫ್ಯಾನಿನ ಗಾಳಿ, ಮರದ ವೇದಿಕೆ ಮೇಲೆ ತಾಳ ಹಾಕಿದ ಕೈ ಬಿದ್ದದ್ದು, ಹೊರಗೆ ಹೋದ ಬಸ್ಸು, ನೂರಾರು ಜನ ಕೂತ ದೊಡ್ಡ ಕೋಣೆಯ ಸುಮ್ಮನಿನ ಗುಂಯ್ ಎಲ್ಲ ಕೆಳಗಿನ ಆ ಎರಡು ಸಪ್ತಕದಲ್ಲಿರುತ್ತೆ. ಪೋರ್ಟ್ (ಗಾಳಿ ಹೋಗೋ ತೂತು) ಇರೋ ಬುಕ್‌ಶೆಲ್ಫ್ 55ರ ಕೆಳಗೆ ಸಪ್ತಕಕ್ಕೆ 24 ಡೆಸಿಬೆಲ್‌ನಂತೆ ಬೀಳುತ್ತೆ, ಹಾಗಾಗಿ ಅದು ನಿಮ್ಮ ಕಿವಿಗೆ ಬಂದೇ ಇಲ್ಲ. ಹಾಡು ಶುರುವಾಗೋ ಮುಂಚೆ, ಬರೀ ಶ್ರುತಿ ಹಿಡಿದಿರುವಾಗ ಸಬ್ ಆನ್ ಆಫ್ ಮಾಡಿ ಕೇಳಿ. ಆಫ್ ಮಾಡಿದ ತಕ್ಷಣ ಹಿಂದಿನ ಗೋಡೆ ಹತ್ತಿರ ಬರುತ್ತೆ.

ಆದರೆ ಇದಕ್ಕೆ ಒಂದು ಷರತ್ತು ಇದೆ. ವಿಸ್ತಾರ ಅನ್ನಿಸೋದು ಎಡಕಿವಿಗೂ ಬಲಕಿವಿಗೂ ಬರೋದು ಬೇರೆಬೇರೆ ಆದಾಗ. ದೂರದೂರ ಇಟ್ಟ ಎರಡು ಮೈಕ್‌ನಲ್ಲಿ ಹಿಡಿದ ರೆಕಾರ್ಡಿಂಗ್‌ನಲ್ಲಿ 40 ಹರ್ಟ್ಜ್ ಕೂಡ ಎಡ ಬಲ ಒಂದೇ ಹೆಜ್ಜೆಯಲ್ಲಿ ಇರಲ್ಲ. ಎರಡನ್ನೂ ಕೂಡಿಸಿ ಒಂದೇ ಸಬ್‌ಗೆ ಕೊಟ್ಟರೆ ಆ ವ್ಯತ್ಯಾಸ ಅಳಿಸಿಹೋಗುತ್ತೆ. ಬಾಸ್ ಉಳಿಯುತ್ತೆ, ಸಭಾಂಗಣ ಅರ್ಧ ಹೋಗುತ್ತೆ. ಆಡಿಯೊ ಕಂಪನಿ ಲೆಕ್ಸಿಕಾನ್‌ನಲ್ಲಿದ್ದ ಡೇವಿಡ್ ಗ್ರೀಸಿಂಗರ್ ಎಂಬತ್ತರ ದಶಕದಿಂದ ಇದನ್ನೇ ಹೇಳ್ತಾ ಬಂದವರು: ಸಬ್ ಎರಡಿರಲಿ, ಕೇಳುವವನ ಎಡಬಲಕ್ಕಿರಲಿ, ಸ್ಟೀರಿಯೊ ಆಗಿರಲಿ.

ಫೇಸ್‌ಗುರು
80ರ ಕೆಳಗೆ ದಿಕ್ಕೇ ಗೊತ್ತಾಗಲ್ಲ ಸ್ವಾಮಿ. 40 ಹರ್ಟ್ಜ್ ಅಲೆ 8.6 ಮೀಟರ್, ಎರಡು ಕಿವಿ ನಡುವೆ 18 ಸೆಂಟಿಮೀಟರ್ ಕೂಡ ಇಲ್ಲ. ಏಳು ಡಿಗ್ರಿ ವ್ಯತ್ಯಾಸ. ಅದನ್ನ ಯಾವ ಕಿವಿ ಹಿಡಿಯುತ್ತೆ? ಮೋನೋ ಸಾಕು.

ಎರಡು_ಸಬ್
ದಿಕ್ಕು ಬೇರೆ, ವಿಸ್ತಾರ ಬೇರೆ. ಬಯಲಲ್ಲಿ ನಿಂತರೆ ನಿಮ್ಮ ಏಳು ಡಿಗ್ರಿ ಸರಿ. ಕೋಣೆ ಒಳಗೆ ಅಗಲದ ಮೋಡ್ ಇದೆಯಲ್ಲ, ಕಿವಿಯವರ ಹಾಲ್‌ನಲ್ಲಿ 51, ಅದರಲ್ಲಿ ಎಡಗೋಡೆಯ ಒತ್ತಡ ಏರುವಾಗ ಬಲಗೋಡೆಯದು ಇಳಿಯುತ್ತೆ. ನಟ್ಟನಡುವೆ ಒತ್ತಡ ಸೊನ್ನೆ, ಆದರೆ ಗಾಳಿ ಅಡ್ಡಡ್ಡ ಓಡಾಡೋದು ಅಲ್ಲೇ ಜಾಸ್ತಿ. ಅಲ್ಲಿ ತಲೆ ಇದ್ದರೆ ಒಂದು ಕಿವಿ ಸೊನ್ನೆಯ ಈಚೆ, ಇನ್ನೊಂದು ಆಚೆ. ಏಳು ಡಿಗ್ರಿ ಲೆಕ್ಕ ಅಲ್ಲಿಗೆ ಮುಗೀತು. ಎಡ ಬಲ ಸಬ್‌ಗೆ ಒಂದೇ ಮೋನೋ ಕೊಟ್ಟರೆ ಎರಡೂ ಸೇರಿ ಈ ಮೋಡನ್ನು ಕೊಂದುಬಿಡ್ತವೆ. ಎಡ ಬಲದ ವ್ಯತ್ಯಾಸ ಕೊಟ್ಟರೆ ಮಾತ್ರ ಅದು ಏಳುತ್ತೆ.

ಡಲ್ಲಾಸ್_ಕನ್ನಡಿಗ
ಆಡಿಯೊ ಕಂಪನಿ ಹರ್ಮನ್‌ನ ಟಾಡ್ ವೆಲ್ಟಿ 2002ರಲ್ಲಿ ಲೆಕ್ಕ ಹಾಕಿ ತೋರಿಸಿದ್ದು ಇದರ ಉಲ್ಟಾ ಅಲ್ವಾ? ನಾಲ್ಕು ಗೋಡೆಯ ಮಧ್ಯಕ್ಕೆ ನಾಲ್ಕು ಸಬ್, ಎಲ್ಲಕ್ಕೂ ಮೋನೋ, ಮೋಡ್‌ಗಳನ್ನು ಅಡಗಿಸೋದು.

ಎರಡು_ಸಬ್
ಅವರ ಪ್ರಶ್ನೆ ಸೋಫಾದಲ್ಲಿ ಕೂತ ಎಲ್ಲರಿಗೂ ಬಾಸ್ ಒಂದೇ ಥರ ಕೇಳಬೇಕು ಅನ್ನೋದು. ಮನೆಮಂದಿ ಸಿನಿಮಾ ನೋಡೋಕೆ ಅದೇ ಸರಿ. ಒಬ್ಬರೇ ಕೂತು ಕಛೇರಿ ಕೇಳೋರಿಗೆ ನನ್ನ ಓಟು ಗ್ರೀಸಿಂಗರ್‌ಗೆ.

ಎಸ್‌ಪಿರೋಡ್_ಸೋಲ್ಡರ್
ಎಲ್ಲ ಚೆನ್ನಾಗಿದೆ. ಕಿವಿಯವರೇ, ವೈರ್ ಎಲ್ಲಿಂದ ಎಲ್ಲಿಗೆ ಹೋಗಿದೆ? ಸಬ್ ಹಿಂಬದಿ ಫೋಟೊ ಹಾಕಿ.

ಕುವೆಂಪುನಗರ_ಕಿವಿ
ಅದರಲ್ಲೇನಿದೆ ಸರ್, ಎಲ್ಲರೂ ಹಾಕೋ ಹಾಗೇ. ಆಂಪ್‌ನ ಪ್ರೀ-ಔಟ್ (ಸಿಗ್ನಲ್ ಹೊರಗೆ ಬಿಡೋ ತೂತು) ಎಡಗಡೆಯಿಂದ ಒಂದು ಆರ್‌ಸಿಎ ಕೇಬಲ್, ಸಬ್‌ನಲ್ಲಿ ಎಲ್‌ಎಫ್‌ಇ ಅಂತ ಬರೆದಿರೋ ತೂತಿಗೆ. ಅಂಗಡಿಯವರು ಹಾಗೇ ಹಾಕಿಕೊಟ್ಟಿದ್ದು. ಫೋಟೊ ಹಾಕಿದ್ದೀನಿ. ಕ್ರಾಸೋವರ್ ನಾಬ್ 60ಕ್ಕಿದೆ, ನೋಡಿ.

ಎಸ್‌ಪಿರೋಡ್_ಸೋಲ್ಡರ್
ಆ ನಾಬ್ ಈಗ ಕೆಲಸ ಮಾಡ್ತಾ ಇಲ್ಲ. ಎಲ್‌ಎಫ್‌ಇ ಅನ್ನೋದು ಸಿನಿಮಾದ ಬಾಸ್ ಚಾನೆಲ್, ಹೋಮ್ ಥಿಯೇಟರ್‌ನ ಎವಿ ರಿಸೀವರ್‌ಗೆ. ಅಲ್ಲಿ ಮೇಲಿನದನ್ನೆಲ್ಲ ಮೊದಲೇ ಕತ್ತರಿಸಿರುತ್ತಾರೆ, ಅದಕ್ಕೇ ನಿಮ್ಮ ಸಬ್ ಥರದವುಗಳಲ್ಲಿ ಈ ತೂತಿಗೆ ಒಳಗಿನ ಫಿಲ್ಟರ್ ಬೈಪಾಸ್. ನಿಮ್ಮ ಸ್ಟೀರಿಯೊ ಆಂಪ್ ಪ್ರೀ-ಔಟ್‌ನಿಂದ ಬರ್ತಿರೋದು ಪೂರ್ತಿ ಹಾಡು, ಅದೂ ಬರೀ ಎಡ ಚಾನೆಲ್. ಆಂಪ್ ಆಫ್ ಮಾಡಿ, ಸ್ಪೀಕರ್ ವೈರ್ ಬಿಚ್ಚಿ, ಮತ್ತೆ ಆನ್ ಮಾಡಿ ಸಬ್ ಒಂದನ್ನೇ ಓಡಿಸಿ, ಕಿವಿ ಹತ್ತಿರ ಇಟ್ಟು ಕೇಳಿ. ಸಾಹಿತ್ಯ ತಿಳಿದರೆ ತೊಂದರೆ ಅಲ್ಲೇ.

ಕುವೆಂಪುನಗರ_ಕಿವಿ
ತಿಳೀತಿದೆ! ಕಂಬಳಿ ಹೊದ್ದು ಹಾಡಿದ ಹಾಗಿದೆ, ಆದರೆ ಪಲ್ಲವಿ, ಅನುಪಲ್ಲವಿ ಒಂದೊಂದು ಅಕ್ಷರ ಕೇಳುತ್ತೆ. ಇದನ್ನ ಮೊದಲೇ ಯಾರೂ ಕೇಳಲಿಲ್ಲವಲ್ಲ?

ಫೇಸ್‌ಗುರು
ನೀವು ಹೇಳಲಿಲ್ಲವಲ್ಲ. ಅದು ಸರಿಮಾಡಿದ ಮೇಲೂ ಫೇಸ್ ನೋಡಲೇಬೇಕು.

ಎಸ್‌ಪಿರೋಡ್_ಸೋಲ್ಡರ್
ಎಡ ಬಲ ಎರಡೂ ಪ್ರೀ-ಔಟ್‌ನಿಂದ ಎರಡು ಕೇಬಲ್, ಸಬ್‌ನ ಲೈನ್-ಇನ್ ಎಡ ಬಲಕ್ಕೆ. ಕ್ರಾಸೋವರ್ 50ರಿಂದ ಶುರು ಮಾಡಿ ಮೇಲೆ ಬನ್ನಿ. ಲೆವೆಲ್ ಎಷ್ಟಿರಬೇಕು ಅಂದರೆ, ಸಬ್ ಇದೆ ಅಂತ ಗೊತ್ತಾಗಬಾರದು, ಆಫ್ ಮಾಡಿದಾಗ ಗೊತ್ತಾಗಬೇಕು.

ಕೊಡಿಯಾಲ್_ಬಾಸ್
ಸ್ಪೀಕರ್ ಟರ್ಮಿನಲ್‌ನಿಂದಲೇ ಹೈ-ಲೆವೆಲ್ ಕೊಡುವುದು ಇನ್ನೂ ಒಳ್ಳೆಯದು ಅಲ್ವಾ? ಆಂಪಿನ ಸ್ವಭಾವವೇ ಸಬ್ಬಿಗೂ ಬರುತ್ತದೆ.

ಎಸ್‌ಪಿರೋಡ್_ಸೋಲ್ಡರ್
ಕೊಡಬಹುದು, ಆಂಪ್ ಯಾವುದು ಅಂತ ನೋಡಿ. ಈಗಿನ ಸಣ್ಣ ಕ್ಲಾಸ್-ಡಿ ಆಂಪ್ ಬಹಳಷ್ಟು ಬ್ರಿಡ್ಜ್ ಆಗಿರ್ತವೆ, ಅಂದರೆ ಕೆಂಪು ಕಪ್ಪು ಎರಡರಲ್ಲೂ ಸಿಗ್ನಲ್, ಕಪ್ಪು ಟರ್ಮಿನಲ್ ಗ್ರೌಂಡ್ ಅಲ್ಲ. ಸಬ್‌ನ ಗ್ರೌಂಡ್ ವೈರ್ ಅಲ್ಲಿಗೆ ಹಾಕಿದರೆ ಹೊಗೆ. ಆಂಪ್‌ನ ಷಾಸಿಗೆ (ಲೋಹದ ಪೆಟ್ಟಿಗೆ) ಹಾಕಬೇಕು.

ಹೊಸಕೋಟೆ_ಹೈಫೈ
ಎರಡು ಕೇಬಲ್ ಹಾಕಿದ ಮೇಲೆ ಹಮ್ (ನಿಲ್ಲದ ಗುಂಯ್ ಸದ್ದು) ಬಂದರೆ ಸಬ್ ಪ್ಲಗ್‌ನ ಅರ್ಥ್ ಪಿನ್ ತೆಗೆದುಬಿಡಿ. ನಂದು ವರ್ಷಗಟ್ಟಲೆಯಿಂದ ಹಾಗೇ ಓಡ್ತಿದೆ.

ಎಸ್‌ಪಿರೋಡ್_ಸೋಲ್ಡರ್
ತೆಗೀಬೇಡಿ! ಒಳಗೆ ಮೇನ್ಸ್ ವೈರ್ ಷಾಸಿಗೆ ತಗುಲಿದ ದಿನ ಮುಟ್ಟಿದವರು ಹೋಗ್ತಾರೆ. ಎಲ್ಲವನ್ನೂ ಒಂದೇ ಬೋರ್ಡ್‌ಗೆ ಹಾಕಿ. ಆಗಲೂ ಹಮ್ ಇದ್ದರೆ ಸಿಗ್ನಲ್ ಕೇಬಲ್‌ಗೆ ಐಸೋಲೇಶನ್ ಟ್ರಾನ್ಸ್‌ಫಾರ್ಮರ್ ಹಾಕಿ.

ಹೊಸಕೋಟೆ_ಹೈಫೈ
ನಮ್ಮ ಏರಿಯಾದಲ್ಲಿ ಅರ್ಥಿಂಗೇ ಇಲ್ಲ, ಪಿನ್ ಇದ್ದರೆಷ್ಟು ಬಿಟ್ಟರೆಷ್ಟು. ಅದಿರಲಿ, ಸ್ಟೆಬಿಲೈಸರ್ ಇಲ್ಲದೆ ಬಾಸ್ ಗಟ್ಟಿಯಾಗಿ ಬರೋದೇ ಇಲ್ಲ. ನಾನು ಸರ್ವೋ ಸ್ಟೆಬಿಲೈಸರ್ ಹಾಕಿದ ಮೇಲೆ...

ನಿರ್ವಾಹಕ
ಅರ್ಥಿಂಗ್, ಸ್ಟೆಬಿಲೈಸರ್ ಬಗ್ಗೆ ಇದರ ಮುಂದಿನ ಉತ್ತರಗಳನ್ನು ಬೇರೆ ಚರ್ಚೆಗೆ ಸಾಗಿಸಲಾಗಿದೆ. ಅರ್ಥ್ ಪಿನ್ ತೆಗೆಯುವ ಸಲಹೆಯನ್ನು ಯಾರೂ ಪಾಲಿಸಬೇಡಿ.

ಕುವೆಂಪುನಗರ_ಕಿವಿ
ಎರಡು ಕೇಬಲ್ ಹಾಕಿದೆ, 55ಕ್ಕೆ ನಿಲ್ಲಿಸಿದೆ, ಲೆವೆಲ್ ಮೊದಲಿನದರ ಅರ್ಧಕ್ಕಿಂತ ಕೆಳಗೆ. ಗಾಯಕರು ವಾಪಸ್ ನಡುವೆ ಬಂದರು. ಒಂದು ಲೈವ್ ಕಛೇರಿಯಲ್ಲಿ ತನಿ ಆವರ್ತನ ಮುಗಿದು ಚಪ್ಪಾಳೆ ಬಿದ್ದಾಗ ಸೀಲಿಂಗ್ ಎತ್ತರ ಆದ ಹಾಗನ್ನಿಸ್ತು. ಆದರೆ ಸಿನಿಮಾ ಹಾಡಿನಲ್ಲಿ ಏನೂ ಆಗ್ತಿಲ್ಲ, ಎಲ್ಪಿಯಲ್ಲೂ ಅಷ್ಟೇ. ಆಮೇಲೆ ಎಲ್ಲೋ ಒಂದು ಸ್ವರ ಮಾತ್ರ ಈಗಲೂ ಊದಿಕೊಳ್ಳುತ್ತೆ. ಸೋಫಾ ಎರಡು ಅಡಿ ಮುಂದೆ ತಂದರೆ ಹೋಗುತ್ತಾ?

ಎರಡು_ಸಬ್
ಸಿನಿಮಾ ಹಾಡಿನಲ್ಲಿ ಕಿಕ್, ಬಾಸ್ ಗಿಟಾರ್ ಎಲ್ಲ ನಟ್ಟನಡುವೆ ಕೂರಿಸಿರ್ತಾರೆ, ಕೆಳಗೆ ಎಡ ಬಲ ವ್ಯತ್ಯಾಸವೇ ಇರಲ್ಲ. ಎಲ್ಪಿ ಕತ್ತರಿಸುವಾಗಲೂ ಆಳದ ಬಾಸನ್ನು ಮೋನೋ ಮಾಡ್ತಾರೆ, ಇಲ್ಲದಿದ್ದರೆ ಸೂಜಿ ಮೇಲೆ ಕೆಳಗೆ ಕುಣಿದು ಗ್ರೂವ್‌ನಿಂದ ಹಾರುತ್ತೆ. ರೆಕಾರ್ಡಿಂಗ್‌ನಲ್ಲಿ ಇಲ್ಲದ ಸಭಾಂಗಣವನ್ನು ಸಬ್ ಹುಟ್ಟಿಸಲ್ಲ.

ಡಲ್ಲಾಸ್_ಕನ್ನಡಿಗ
ಊದಿಕೊಳ್ಳೋದು 35 ಆಗಿದ್ದರೆ ಎರಡು ಅಡಿಗೆ ಹೆಚ್ಚೇನೂ ಜಗ್ಗಲ್ಲ. ನಾಲ್ಕು ಅಡಿ ಬಂದರೆ ಮೂರು ಡೆಸಿಬೆಲ್ ಇಳಿಯುತ್ತೆ. ಮೊದಲು ಅಳೆಯಿರಿ: ಯುಎಸ್‌ಬಿ ಅಳತೆ ಮೈಕ್ ಯಾರ ಹತ್ತಿರವಾದರೂ ಎರವಲು ತನ್ನಿ, ಅಳೆಯೋ ಸಾಫ್ಟ್‌ವೇರ್ ರೂಮ್ ಇಕ್ಯೂ ವಿಝಾರ್ಡ್ ಉಚಿತ. ಎದ್ದಿರೋ ಗುಡ್ಡ ಒಂದನ್ನು ಇಕ್ಯೂನಲ್ಲಿ (ಇಕ್ವಲೈಸರ್) ತಗ್ಗಿಸಿ, ಬಿದ್ದ ಹಳ್ಳ ತುಂಬಿಸೋಕೆ ಹೋಗಬೇಡಿ. ಮೆಲ್ಲಗೆ ಕೇಳುವಾಗ ಸಬ್ ಇಲ್ಲದ ಹಾಗೆ ಆಗೋದು ದೋಷ ಅಲ್ಲ, ಕಿವಿಯ ಗುಣ. ವಾಲ್ಯೂಮ್ ಇಳಿದಷ್ಟೂ ಕೆಳಗಿನ ಸ್ವರ ಮೊದಲು ಮಾಯವಾಗುತ್ತೆ. ರಾತ್ರಿಗೆ ಲೆವೆಲ್ ಸ್ವಲ್ಪ ಏರಿಸಿಕೊಳ್ಳಿ.

ತಂಬೂರಿ_ಧಾರವಾಡ
ನಾನೂ ಗೆಳೆಯನ ಮನ್ಯಾಗ ಬರೀ ತಂಬೂರಿ ಇಟ್ಟು ಆನ್ ಆಫ್ ಮಾಡಿ ನೋಡಿದ್ಯಾ. ಏನೋ ಒಂದು ಆಗ್ತದ, ಇಲ್ಲ ಅನ್ನಂಗಿಲ್ಲ. ಆದ್ರ ಸ್ಟುಡಿಯೋ ರೆಕಾರ್ಡಿಂಗ್‌ನ್ಯಾಗ ಏನೂ ಆಗಲಿಲ್ಲ. ಅಷ್ಟಕ್ಕ ಎರಡು ಸಬ್ ಕೊಳ್ಳಂಗಿಲ್ಲ ನಾನು.

ಕುವೆಂಪುನಗರ_ಕಿವಿ
ಎರಡನೇದು ತಂದರೆ ಇದೇ ಮಾಡೆಲ್ ಬೇಕಾ? ಇದು ಈಗ ಅಂಗಡಿಯಲ್ಲಿ ಸಿಗ್ತಿಲ್ಲ.

ಎರಡು_ಸಬ್
ಸ್ಟೀರಿಯೊ ಮಾಡೋದಾದರೆ ಅದೇ ಮಾಡೆಲ್ ಬೇಕು. ಸೀಲ್ಡ್ ಒಂದು, ಪೋರ್ಟ್ ಇರೋದು ಒಂದು ಹಾಕಿದರೆ ಕೆಳಗಿನ ಫೇಸ್ ಹೊಂದಲ್ಲ. ಇಲ್ಲಿನ ಸೆಕೆಂಡ್‌ಹ್ಯಾಂಡ್ ವಿಭಾಗದಲ್ಲಿ ಕಾಯಿರಿ. ಅಲ್ಲಿವರೆಗೆ ಇರೋದನ್ನು ಮೂಲೆಯಿಂದ ಒಂದೂವರೆ ಅಡಿ ಈಚೆ ಎಳೆದು ನೋಡಿ. ವೈರ್ ಅಷ್ಟು ಬರುತ್ತಲ್ಲ?

ಹೊಸಬ_ತುಮಕೂರು
ಸೌಂಡ್‌ಬಾರ್ ಜೊತೆ ಬಂದ ವೈರ್‌ಲೆಸ್ ಸಬ್‌ಗೂ ಇದೆಲ್ಲ ಅನ್ವಯ ಆಗುತ್ತಾ ಸರ್?

ಎಸ್‌ಪಿರೋಡ್_ಸೋಲ್ಡರ್
ಜಾಗ ಬದಲಾಯಿಸೋದು ಮಾತ್ರ. ಉಳಿದದ್ದು ನಿಮ್ಮ ಕೈಲಿಲ್ಲ. ಬಾರ್ ಸಣ್ಣದಿದ್ದಷ್ಟೂ ಕ್ರಾಸೋವರ್ ಮೇಲಿರುತ್ತೆ, ಹಾಗಾಗಿ ಸಬ್ ಟಿವಿ ಹತ್ತಿರವೇ ಇರಲಿ.