ಬೋರ್ಡೋ ದ್ರಾವಣದಲ್ಲಿ ಕತ್ತಿ ಕೆಂಪಾಗುತ್ತಿದೆ, ಸುಣ್ಣ ಎಷ್ಟು ಹೆಚ್ಚಿಸಬೇಕು?

ಕೆಳಗಿನತೋಟ:
ನಮಸ್ಕಾರ. ಅಡಿಕೆಯ ಕೊಳೆರೋಗಕ್ಕೆ (ಮಳೆಗಾಲದಲ್ಲಿ ಕಾಯಿ ಕೊಳೆತು ಉದುರುವ ರೋಗ) ಎರಡನೇ ಸಲದ ಮದ್ದು, ಮೈಲುತುತ್ತು ಮತ್ತು ಸುಣ್ಣ ಬೆರೆಸಿದ ಬೋರ್ಡೋ. 200 ಲೀಟರ್ ಡ್ರಮ್ಮಿಗೆ 2 ಕೆಜಿ ಮೈಲುತುತ್ತು (ತಾಮ್ರದ ಸಲ್ಫೇಟ್), 2 ಕೆಜಿ ಸುಣ್ಣದ ಪುಡಿ (ಹೋದ ವರ್ಷ ಒಡೆದ ಚೀಲದ್ದು). ಕತ್ತಿ ಅದ್ದಿದರೆ ಕೆಂಪು ಹಿಡಿಯುತ್ತದೆ. ಬಣ್ಣ ಆಕಾಶನೀಲಿ ಬರುವುದಿಲ್ಲ, ಹಸಿರು ಛಾಯೆ. ಅರ್ಧ ಗಂಟೆಯಲ್ಲಿ ತಳಕ್ಕಿಳಿದು ನಾಜಲ್ ಕಟ್ಟುತ್ತಿದೆ. ಹಾಗೆಯೇ ಹೊಡೆದರೆ ತೊಂದರೆಯೇ? ಮೊದಲ ಸಲ ಜೂನ್ ಮೊದಲ ವಾರ ಆಗಿದೆ, ಈಗ ಮಳೆ ಬಿಡುವೇ ಕೊಡುತ್ತಿಲ್ಲ.

ಹಾಳೆಟೊಪ್ಪಿ:
ಹಾಗೆಯೇ ಹೊಡೆಯಬೇಡಿ. ಕತ್ತಿಗೆ ಹಿಡಿದ ಕೆಂಪು ಅಂದರೆ ಸುಣ್ಣದ ಜೊತೆ ಸೇರದೆ ಉಳಿದ ತಾಮ್ರ. ಅದು ಎಳೆಕಾಯಿಯ ಸಿಪ್ಪೆ ಸುಡುತ್ತದೆ, ಹಿಂದೆಯೇ ನಳ್ಳಿ (ಎಳೆ ಅಡಿಕೆ) ಉದುರುತ್ತದೆ. ಆಮೇಲೆ ಅದನ್ನೇ ಕೊಳೆರೋಗ ಅಂದುಕೊಂಡು ಮತ್ತೊಂದು ಸುತ್ತು ಹೊಡೆಯುವವರಿದ್ದಾರೆ!

ತಪ್ಪಿರುವುದು ತೂಕದಲ್ಲಲ್ಲ, ಸುಣ್ಣದಲ್ಲಿ. 1 ಕೆಜಿ ಮೈಲುತುತ್ತಿಗೆ ಹೊಸ, ಶುದ್ಧ ಸುಣ್ಣವಾದರೆ ಲೆಕ್ಕದ ಪ್ರಕಾರ ಅರ್ಧ ಕೆಜಿಯೂ ಬೇಡ. ಸಮಸಮ ಹಾಕುವುದು ಪೇಟೆಯ ಸುಣ್ಣದ ಮೇಲೆ ಭರವಸೆ ಇಲ್ಲದ್ದಕ್ಕೆ. ಬಾಯಿ ಒಡೆದ ಚೀಲ ಗಾಳಿ ಎಳೆದುಕೊಂಡು ಮೆಲ್ಲಗೆ ಸೀಮೆಸುಣ್ಣದಂತೆ ಸತ್ತುಹೋಗುತ್ತದೆ. ಅದನ್ನು ಎರಡು ಪಟ್ಟು ಹಾಕಿದರೂ ನಾಜಲ್ ಕಟ್ಟುವುದೇ ಲಾಭ. ಹೊಸ ಚೀಲ ತನ್ನಿ, ಇಲ್ಲವೇ ಸುಡುಸುಣ್ಣ ತಂದು ನೀರು ಹಾಕಿ ಅರಳಿಸಿಕೊಳ್ಳಿ.

ಈಗ ಡ್ರಮ್ಮಿನಲ್ಲಿರುವುದಕ್ಕೆ: ಹೊಸ ಸುಣ್ಣವನ್ನು ನೀರಲ್ಲಿ ಹಾಲಿನ ಹದಕ್ಕೆ ಕದಡಿ, ಸೋಸಿ, ಸ್ವಲ್ಪ ಸ್ವಲ್ಪ ಸೇರಿಸುತ್ತಾ ಕಲಕಿ. ಉಜ್ಜಿ ಹೊಳಪು ಬರಿಸಿದ ಕತ್ತಿಯನ್ನು ಒಂದೆರಡು ನಿಮಿಷ ಅದ್ದಿಡಿ (ತುಕ್ಕು ಹಿಡಿದ ಕತ್ತಿಯಲ್ಲಿ ಏನೂ ಗೊತ್ತಾಗುವುದಿಲ್ಲ). ಕೆಂಪು ಹಿಡಿಯದಿದ್ದರೆ ಅಲ್ಲಿಗೆ ನಿಲ್ಲಿಸಿ. ಲಿಟ್ಮಸ್ ಇದ್ದರೆ ನೀಲಿ ಕಾಗದ ಕೆಂಪಾಗಬಾರದು.

ಗಟ್ಟದಮೇಲೆ:
ಬೇಗ ತಳ ಕಟ್ಟುವುದಕ್ಕೆ ಬೆರೆಸುವ ಕ್ರಮವೂ ಕಾರಣ ಇರಬಹುದು. ನೀರು ಕಡಿಮೆ ಹಾಕಿ ಎರಡನ್ನೂ ಗಟ್ಟಿಯಾಗಿ ಬೆರೆಸಿ ಆಮೇಲೆ ಡ್ರಮ್ ತುಂಬಿಸುತ್ತಿದ್ದೀರಾ? ಹಾಗೆ ಮಾಡಿದರೆ ಕಣ ದಪ್ಪವಾಗಿ ಮೊಸರು ಒಡೆದಂತೆ ಇಳಿಯುತ್ತದೆ, ಕಾಯಿಗೂ ಅಂಟುವುದಿಲ್ಲ. 2 ಕೆಜಿ ಮೈಲುತುತ್ತು 100 ಲೀಟರಿಗೆ, ಸುಣ್ಣ ಇನ್ನೊಂದು 100 ಲೀಟರಿಗೆ, ಬೇರೆ ಬೇರೆ. ನಂತರ ತುತ್ತಿನ ನೀರನ್ನು ಸುಣ್ಣದ ನೀರಿಗೆ ಸಣ್ಣ ಧಾರೆಯಲ್ಲಿ ಬಿಡುತ್ತಾ ಕಲಕಬೇಕು, ತಿರುಗಾಮುರುಗಾ ಬೇಡ. ಮೂರನೇ ಡ್ರಮ್ ಇದ್ದರೆ ಎರಡನ್ನೂ ಒಟ್ಟಿಗೆ ಅದಕ್ಕೆ ಬಿಟ್ಟರೂ ಆಯಿತು. ಸುಡುಸುಣ್ಣ ಅರಳಿಸಿದ್ದಾದರೆ ಪೂರ್ತಿ ತಣಿಯಲಿ, ಬಿಸಿಯಲ್ಲಿ ಬೆರೆಸಿದರೂ ಕಣ ದಪ್ಪವಾಗುತ್ತದೆ.

ಮೈಲುತುತ್ತನ್ನು ತಳಕ್ಕೆ ಸುರಿದರೆ ಕರಗಲು ಇಡೀ ದಿನ. ಹಿಂದಿನ ರಾತ್ರಿ ಗೋಣಿತುಂಡಿನಲ್ಲಿ ಕಟ್ಟಿ ನೀರಿನ ಮೇಲ್ಭಾಗದಲ್ಲಿ ಮುಳುಗುವಂತೆ ತೂಗುಹಾಕಿ. ಕರಗಿದ ನೀರು ಭಾರವಾಗಿ ತಾನೇ ಕೆಳಗಿಳಿಯುತ್ತದೆ. ಪ್ಲಾಸ್ಟಿಕ್ ಡ್ರಮ್, ಮರದ ಕೋಲು ಮಾತ್ರ. ಕಬ್ಬಿಣದ ಬಕೆಟ್ ಬೇಡವೇ ಬೇಡ.

ಹಸಿರು ಛಾಯೆ ಇದೆ ಅಂದಿರಲ್ಲ, ಮೈಲುತುತ್ತಿನ ಹರಳನ್ನೂ ಒಮ್ಮೆ ನೋಡಿ. ಕಡುನೀಲಿ ಇರಬೇಕು. ಕಬ್ಬಿಣದ ಸಲ್ಫೇಟ್ ಬೆರೆಸಿದ ಮಾಲು ಹಸಿರು ಕಾಣುತ್ತದೆ.

ಮಳೆಲೆಕ್ಕ:
ಮಳೆಯ ವಿಷಯಕ್ಕೆ ಬರೋಣ. ಎರಡು ಸಿಂಪಡಣೆಯ ನಡುವೆ 40ರಿಂದ 45 ದಿನ ಅಂತ ಹೇಳುವುದು ಸಾಮಾನ್ಯ ಮಳೆಗಾಲಕ್ಕೆ. ಬಿಡದೆ ಸುರಿಯುವ ವರ್ಷ ಅಷ್ಟು ದಿನ ಕಾಯಬೇಡಿ, ಸಿಕ್ಕ ಮೊದಲ ಬಿಡುವು ಹಿಡಿಯಿರಿ. ಅಡಿಕೆ ಕೊನೆಯ (ಗೊನೆಯ) ಮೇಲಿನ ನೀರು ಆರಿರಬೇಕು, ಹೊಡೆದ ಮೇಲೆ ಮದ್ದು ಒಣಗಲು ಕೆಲವು ಗಂಟೆಯಾದರೂ ಬೇಕು. ಒದ್ದೆ ಕಾಯಿಗೆ ಹೊಡೆದದ್ದು ಕೂಲಿಗೆ ದಂಡ. ರಾಳದ ಅಂಟು ಸೇರಿಸುವುದಾದರೆ ಕತ್ತಿಯ ಪರೀಕ್ಷೆ ಮುಗಿದ ಮೇಲೆ, ಕಟ್ಟಕಡೆಗೆ.

ಬರೇ ಮಳೆಗಿಂತ ಮಳೆ, ಬಿಸಿಲು, ಮತ್ತೆ ಮಳೆ ಅನ್ನುವ ವಾರಗಳಲ್ಲಿ ರೋಗ ಜೋರು. ಉದುರಿದ ಕಾಯಿ ಎತ್ತಿ ನೋಡಿ: ತೊಟ್ಟಿನ ಹತ್ತಿರ ನೀರು ತುಂಬಿದಂಥ ಕಡುಹಸಿರು ಕಲೆ, ಎರಡು ದಿನದಲ್ಲಿ ಬಿಳಿ ಬೂಸ್ಟು. ಅಂಥವನ್ನು ಮರದಡಿ ಬಿಡದೆ ಹೆಕ್ಕಿ ಸುಡಬೇಕು, ಕೊಳೆತ ಕೊನೆಯನ್ನೂ ಇಳಿಸಬೇಕು. ಅಲ್ಲೇ ಬಿಟ್ಟರೆ ಮುಂದೆ ಸುಳಿಕೊಳೆಗೂ ದಾರಿ.

ಎಲೆಚುಕ್ಕಿ ರೋಗದ ಶಿಲೀಂಧ್ರನಾಶಕವನ್ನು ಇದೇ ಡ್ರಮ್ಮಿಗೆ ಹಾಕಿ ಒಂದೇ ಕೂಲಿಯಲ್ಲಿ ಮುಗಿಸುವ ಯೋಚನೆ ಇದ್ದರೆ ಬಿಡಿ. ಬೋರ್ಡೋ ಕ್ಷಾರ, ಅದರಲ್ಲಿ ಹಲವು ಮದ್ದು ಕೆಡುತ್ತವೆ.

ಹಾಳೆಟೊಪ್ಪಿ:
ಕೊನೆಗಾರರು (ಮರ ಹತ್ತಿ ಮದ್ದು ಹೊಡೆಯುವವರು) ಸಿಗದೆ ದೋಟಿಯಲ್ಲಿ (ಉದ್ದನೆಯ ಕೋಲು) ಹೊಡೆಯುವವರು ಒಂದು ಗಮನಿಸಿ: ನೆಲದಿಂದ ಒಂದೇ ಕಡೆ ನಿಂತರೆ ಕೊನೆಯ ಬೆನ್ನು ಒಣಗಿಯೇ ಉಳಿಯುತ್ತದೆ, ರೋಗ ಶುರುವಾಗುವುದು ಅಲ್ಲೇ. ಮರಕ್ಕೆ ಎರಡು ಬದಿ ಸುತ್ತಿ, ಧಾರೆಯಲ್ಲ, ಮಂಜಿನಂತೆ. ಕಾರ್ಬನ್ ಫೈಬರ್ ದೋಟಿಯಲ್ಲಿ ಕರೆಂಟು ಹರಿಯುತ್ತದೆ. ತೋಟದ ಮೇಲೆ ಲೈನ್ ಹೋಗಿದ್ದರೆ ಆ ಸಾಲಿಗೆ ದೋಟಿ ಎತ್ತಲೇಬೇಡಿ.

ಕೆಳಗಿನತೋಟ:
ಮಧ್ಯಾಹ್ನ ಮಳೆ ಬಂದು ಅರ್ಧ ಡ್ರಮ್ ಉಳಿದರೆ ನಾಳೆಗೆ ಆಗುತ್ತದೆಯೇ?

ಗಟ್ಟದಮೇಲೆ:
ಹಾಗೇ ಇಟ್ಟರೆ ಇಲ್ಲ, ರಾತ್ರಿ ಕಳೆದರೆ ಅಂಟುಗುಣ ಹೋಗುತ್ತದೆ. 100 ಲೀಟರಿಗೆ 100 ಗ್ರಾಂ ಬೆಲ್ಲ ಕರಗಿಸಿ ಹಾಕಿದರೆ ಒಂದು ದಿನ ತಡೆಯುತ್ತದೆ, ಆಚೆಗೆ ಬೇಡ. ಅದಕ್ಕಿಂತ ತುತ್ತಿನ ನೀರು, ಸುಣ್ಣದ ನೀರು ಬೇರೆಬೇರೆಯಾಗಿಯೇ ಇಟ್ಟುಕೊಂಡು ಬೇಕಾದಷ್ಟೇ ಬೆರೆಸುವುದು ಒಳ್ಳೆಯದು. ಎರಡೂ ಮುಚ್ಚಿದ್ದರೆ ಕೆಡುವುದಿಲ್ಲ. ಮಿಕ್ಕದ್ದನ್ನು ಹಳ್ಳಕ್ಕೋ ಕೆರೆಗೋ ಚೆಲ್ಲಬೇಡಿ, ಮೀನು ಸಾಯುತ್ತದೆ. ಮದ್ದು ಬಿದ್ದ ಹುಲ್ಲನ್ನು ದನಕ್ಕೆ ಕೊಯ್ಯಬೇಡಿ. ಪಂಪು, ಪೈಪು ಅದೇ ಸಂಜೆ ತೊಳೆದಿಡಿ.