4294967297: ಕೈಲೆಕ್ಕದಲ್ಲಿ 641 ಸಿಕ್ಕಿದ್ದು ಹೇಗೆ?

ಪ್ರಶ್ನೆ:
2ರ 32ನೆಯ ಘಾತಕ್ಕೆ 1 ಕೂಡಿಸಿದರೆ 4294967297 ಬರುತ್ತದೆ. ಇದೇ ಬಗೆಯಲ್ಲಿ 2ರ 1, 2, 4, 8, 16ನೆಯ ಘಾತಗಳಿಗೆ 1 ಕೂಡಿಸಿದಾಗ ಬರುವ 3, 5, 17, 257, 65537 ಅವಿಭಾಜ್ಯಗಳಾಗಿದ್ದುದರಿಂದ ಇದೂ ಅವಿಭಾಜ್ಯವೆಂದು ಗಣಿತಜ್ಞ ಫರ್ಮಾ ನಂಬಿದ್ದರು. 1732ರಲ್ಲಿ ಗಣಿತಜ್ಞ ಆಯ್ಲರ್ ಅವರು 641 ಇದನ್ನು ನಿಶ್ಶೇಷವಾಗಿ ಭಾಗಿಸುತ್ತದೆ ಎಂದು ತೋರಿಸಿದರು. ಕಂಪ್ಯೂಟರ್ ಇಲ್ಲದೆ ಅಂಥ ಭಾಜಕವನ್ನು ಹುಡುಕುವುದು ಹೇಗೆ ಸಾಧ್ಯ? ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1:
ಎಲ್ಲ ಅವಿಭಾಜ್ಯಗಳನ್ನೂ ಪರೀಕ್ಷಿಸಬೇಕಾಗಿಲ್ಲ. ಆಯ್ಲರ್ ಅವರೇ ಮುಂದೆ ಸಾಧಿಸಿದಂತೆ, ಈ ಸಂಖ್ಯೆಯ ಪ್ರತಿಯೊಂದು ಅವಿಭಾಜ್ಯ ಅಪವರ್ತನವನ್ನೂ 64ರಿಂದ ಭಾಗಿಸಿದಾಗ ಶೇಷ 1 ಉಳಿಯಲೇಬೇಕು. ಅಂಥ ಅವಿಭಾಜ್ಯಗಳನ್ನು ಕ್ರಮವಾಗಿ ಬರೆದರೆ 193, 257, 449, 577, 641 ಎಂದಾಗುತ್ತದೆ. ಅಂದರೆ ಐದನೆಯ ಪ್ರಯತ್ನಕ್ಕೇ ಉತ್ತರ ದೊರೆಯುತ್ತದೆ.

ಉತ್ತರ 2:
ಉದ್ದನೆಯ ಭಾಗಾಕಾರವನ್ನೂ ತಪ್ಪಿಸುವ ದಾರಿಯೊಂದಿದೆ, ನನಗಂತೂ ಅದು ಬಹಳ ಪ್ರಿಯ. 641 ಎಂದರೆ 5 × 128 + 1, ಹಾಗೆಯೇ 625 + 16 ಕೂಡ ಹೌದು. ಮೊದಲನೆಯದರಿಂದ, 641ರ ಭಾಗಾಕಾರದಲ್ಲಿ 5 × 2⁷ ಎಂಬುದು −1ಕ್ಕೆ ಸಮಶೇಷ (ಅಂದರೆ ಎರಡರ ವ್ಯತ್ಯಾಸವನ್ನು 641 ನಿಶ್ಶೇಷವಾಗಿ ಭಾಗಿಸುತ್ತದೆ). ನಾಲ್ಕನೆಯ ಘಾತಕ್ಕೆ ಏರಿಸಿದರೆ 5⁴ × 2²⁸ ಎಂಬುದು 1ಕ್ಕೆ ಸಮಶೇಷ. ಎರಡನೆಯದರಿಂದ 5⁴ರ ಜಾಗದಲ್ಲಿ −2⁴ ಇಟ್ಟರೆ −2³² ಎಂಬುದು 1ಕ್ಕೆ ಸಮಶೇಷವಾಗುತ್ತದೆ, ಆದ್ದರಿಂದ 2³² + 1 ಅನ್ನು 641 ಭಾಗಿಸುತ್ತದೆ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. 641 × 6700417 ಎಂದು ಗುಣಿಸಿ ನೋಡಿದೆ, ಅಂಕಿಗಳು ಸರಿಯಾಗಿ ಕೂಡಿ ಬಂದವು. ಉಳಿದ 6700417 ಅವಿಭಾಜ್ಯವೇ?

ಉತ್ತರ 1:
ಹೌದು, ಅವಿಭಾಜ್ಯವೇ. ಅದರ ವರ್ಗಮೂಲ ಸುಮಾರು 2588. 64ರ ಅದೇ ನಿಯಮ ಇಲ್ಲಿಯೂ ಅನ್ವಯಿಸುವುದರಿಂದ 641ರಿಂದ 2561ರವರೆಗಿನ ಕೆಲವೇ ಸಂಖ್ಯೆಗಳನ್ನು ಪರೀಕ್ಷಿಸಿದರೆ ಸಾಕು, ಒಂದು ಸಂಜೆಯಲ್ಲಿ ಮುಗಿಯುವ ಕೆಲಸ.