ಅಮ್ಮ ದಿನದ ಪಂಪ್ ಬೀರುವಿನಲ್ಲಿಟ್ಟು ನೀಲಿ ಪಂಪ್ ಒಂದನ್ನೇ ಹಿಡಿದಿದ್ದಾರೆ, ಏನು ಮಾಡಲಿ?

ನಾಪೋಕ್ಲು ಮಗಳು:
ಅಮ್ಮನಿಗೆ 58 ವರ್ಷ, ಅಸ್ತಮಾ ಬಂದು ಹತ್ತು ವರ್ಷ ಆಯ್ತು. ಡಾಕ್ಟರ್ ಎರಡು ಪಂಪ್ (ಇನ್ಹೇಲರ್) ಕೊಟ್ಟಿದ್ದಾರೆ. ನೀಲಿದು ಸಾಲ್ಬ್ಯುಟಮಾಲ್, ಉಬ್ಬಸ ಬಂದಾಗ ಮಾತ್ರ. ಇನ್ನೊಂದು ಬುಡೆಸೊನೈಡ್, ಬೆಳಿಗ್ಗೆ ಸಂಜೆ ದಿನಾ ಎಳೆಯಬೇಕು. ಎರಡನೆಯದು ಬೀರುವಿನಲ್ಲಿದೆ. "ಅದನ್ನು ಎಳೆದರೆ ಏನೂ ಗೊತ್ತಾಗಲ್ಲ, ನೀಲಿದು ಎಳೆದ ಕೂಡಲೇ ಎದೆ ಸಡಿಲ ಆಗುತ್ತೆ" ಅಂತಾರೆ. ಜೂನ್‌ನಲ್ಲಿ ಮಳೆ ಹಿಡಿದಾಗಿನಿಂದ ಗೋಡೆ ತುಂಬಾ ಬೂಷ್ಟು, ಒದ್ದೆ ಬಟ್ಟೆ ಎಲ್ಲಾ ಒಲೆ ಮೇಲೆ, ರಾತ್ರಿ ಮೂರು ಗಂಟೆಗೆ ಎದ್ದು ಕೂತು ಏದುಸಿರು ಬಿಡುತ್ತಾರೆ. 200 ಪಫ್‌ನ ನೀಲಿ ಪಂಪ್ ಒಂದೇ ತಿಂಗಳಿಗೆ ಖಾಲಿ. ಪಂಪ್ ಅಭ್ಯಾಸ ಆದರೆ ಸಾಯೋ ತನಕ ಬಿಡಲ್ಲ ಅಂತ ಪಕ್ಕದ ಮನೆಯವರು ಬೇರೆ ಹೆದರಿಸಿದ್ದಾರೆ.

ಸುಂಟಿಕೊಪ್ಪದ ತೋಟಗಾರ:
ಪಕ್ಕದ ಮನೆಯವರು ಹೇಳಿದ್ದು ಸರಿ ಇದೆ ತಂಗಿ. ನಮ್ಮ ಅಪ್ಪನಿಗೂ ದಮ್ಮು ಇತ್ತು, ಪಂಪ್ ಮುಟ್ಟಲಿಲ್ಲ. ಆಡುಸೋಗೆ ಕಷಾಯ, ನಮ್ಮ ಕೊಡಗಿನ ಮಳೆಗಾಲದ ಕಕ್ಕಡ ತಿಂಗಳ 18ಕ್ಕೆ ಮದ್ದು ಸೊಪ್ಪಿನ ಪಾಯಸ, ಜಾಸ್ತಿ ಆದರೆ ಒಂದು ಮಾತ್ರೆ, ಅಷ್ಟೇ. ಆ ದಿನದ ಪಂಪ್‌ನಲ್ಲಿ ಇರೋದು ಸ್ಟೆರಾಯ್ಡ್. ನಮ್ಮ ಚಿಕ್ಕಮ್ಮ ಸ್ಟೆರಾಯ್ಡ್ ಮಾತ್ರೆ ವರ್ಷಗಟ್ಟಲೆ ತಗೊಂಡು ಮುಖ ಊದಿಕೊಂಡಿತು, ಸಕ್ಕರೆ ಕಾಯಿಲೆ ಬಂತು. ಕಣ್ಣಾರೆ ನೋಡಿದ್ದೇನೆ.

ಸೋಮವಾರಪೇಟೆ ಮೆಡಿಕಲ್ಸ್:
ಅಣ್ಣ, ನಿಮ್ಮ ಚಿಕ್ಕಮ್ಮನಿಗೆ ಆಗಿದ್ದು ನಿಜ, ಸ್ಟೆರಾಯ್ಡ್ ಮಾತ್ರೆ ವರ್ಷಗಟ್ಟಲೆ ತಿಂದರೆ ಹಾಗೇ ಆಗುತ್ತೆ. ಆದರೆ ಪಂಪ್ ಬೇರೆ. ಮಾತ್ರೆಯ ಲೆಕ್ಕ ಮಿಲಿಗ್ರಾಂನಲ್ಲಿ, ಪಂಪ್‌ನ ಲೆಕ್ಕ ಮೈಕ್ರೋಗ್ರಾಂನಲ್ಲಿ. ಸಾಲ್ಬ್ಯುಟಮಾಲ್ ಒಂದು ಪಫ್ ಅಂದರೆ 100 ಮೈಕ್ರೋಗ್ರಾಂ, ಅದೇ ಮದ್ದಿನ ಒಂದು ಮಾತ್ರೆಯಲ್ಲಿ 2 ಅಥವಾ 4 ಮಿಲಿಗ್ರಾಂ. ಅಂದರೆ 20ರಿಂದ 40 ಪಟ್ಟು. ನುಂಗಿದ್ದು ಹೊಟ್ಟೆಗೆ ಹೋಗಿ, ರಕ್ತಕ್ಕೆ ಸೇರಿ, ಮೈಯೆಲ್ಲಾ ಸುತ್ತಿ ಆಮೇಲೆ ಎದೆಗೆ ಬರಬೇಕು. ಆ ಮಾತ್ರೆ ತಗೊಂಡವರಿಗೆ ಕೈ ನಡುಗುವುದು, ಎದೆ ಡವಡವ ಅನ್ನುವುದು ಅದಕ್ಕೇ. ಜನ ಪಂಪ್ ಅಂದರೆ ಸ್ಟ್ರಾಂಗು, ಮಾತ್ರೆ ಅಂದರೆ ಸೌಮ್ಯ ಅಂತ ಉಲ್ಟಾ ತಿಳಿದುಕೊಂಡಿದ್ದಾರೆ, ಅಂಗಡಿಯಲ್ಲಿ ನಿಂತು ಇದನ್ನು ಎಷ್ಟು ಸಲ ಹೇಳಿದ್ದೇನೋ.

ತಂಗಿ, ಅಮ್ಮನಿಗೆ ಹೀಗೆ ಹೇಳಿ ನೋಡಿ. ಕಾಫಿಗೆ ನೀರು ಹಾಯಿಸುವ ಪೈಪ್ ನೆನಪಿಸಿಕೊಳ್ಳಿ. ಯಾರೋ ಅದರ ಮೇಲೆ ಕಾಲಿಟ್ಟಿದ್ದಾರೆ, ಒಳಗೆ ಪಾಚಿಯೂ ಕಟ್ಟಿದೆ. ಅಸ್ತಮಾದಲ್ಲಿ ಎರಡೂ ಒಟ್ಟಿಗೆ ಇರುತ್ತೆ. ಉಸಿರಿನ ಕೊಳವೆಯ ಸುತ್ತ ಇರುವ ಸ್ನಾಯು ಹಿಂಡುತ್ತೆ, ಒಳಗಿನ ಪದರ ಊದಿಕೊಂಡು ಕಫ ತುಂಬಿಕೊಳ್ಳುತ್ತೆ. ನೀಲಿದು ಸ್ನಾಯು ಸಡಿಲಿಸುತ್ತೆ, ಕಾಲು ತೆಗೆದ ಹಾಗೆ. ಐದೇ ನಿಮಿಷದಲ್ಲಿ ಗೊತ್ತಾಗುತ್ತೆ, ನಾಲ್ಕರಿಂದ ಆರು ಗಂಟೆ ನಿಲ್ಲುತ್ತೆ. ಊತವನ್ನು ಅದು ಮುಟ್ಟುವುದೇ ಇಲ್ಲ. ಊತ ಇಳಿಸುವುದು ಬೀರುವಿನಲ್ಲಿ ಇಟ್ಟಿರುವ ಬುಡೆಸೊನೈಡ್. ಅದಕ್ಕೆ ದಿನಗಳು ಬೇಕು, ಪೂರ್ತಿ ಗುಣ ಕಾಣೋಕೆ ಕೆಲವು ವಾರ. ಎಳೆದ ಕೂಡಲೇ ಏನೂ ಅನ್ನಿಸದಿರುವುದು ಆ ಮದ್ದಿನ ರೀತಿ, ಮದ್ದು ಕೆಲಸ ಮಾಡಿಲ್ಲ ಅಂತಲ್ಲ.

ಇನ್ನೊಂದು ಮಾತು, ಇದನ್ನು ಹಗುರವಾಗಿ ತಗೋಬೇಡಿ. ವರ್ಷಕ್ಕೆ 200 ಪಫ್‌ನ ನೀಲಿ ಪಂಪ್ ಮೂರು ಅಥವಾ ಜಾಸ್ತಿ ಮುಗಿಸುವವರಿಗೆ ಜೋರು ದಾಳಿಯ ಅಪಾಯ ಹೆಚ್ಚು, ತಿಂಗಳಿಗೆ ಒಂದು ಮುಗಿಸುವವರಿಗೆ ಜೀವಕ್ಕೇ ಅಪಾಯ. ದೊಡ್ಡವರ ಅಸ್ತಮಾಗೆ ಬರೀ ಸಾಲ್ಬ್ಯುಟಮಾಲ್ ಒಂದನ್ನೇ ಕೊಡಬೇಡಿ ಅಂತ ಗೀನಾ ಅನ್ನುವ ಜಾಗತಿಕ ಸಂಸ್ಥೆ 2019ರಲ್ಲೇ ಹೇಳಿದೆ. ಅಮ್ಮನನ್ನು ಈ ವಾರವೇ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ.

ಸುಂಟಿಕೊಪ್ಪದ ತೋಟಗಾರ:
ಹಾಗಾದರೆ ಆಡುಸೋಗೆ ಸುಮ್ನೆ ಅಂತೀರಾ? ಹಿಂದಿನವರು ದತ್ತೂರದ ಎಲೆ ಹೊಗೆ ಎಳೆದು ದಮ್ಮು ಇಳಿಸಿಕೊಳ್ಳುತ್ತಿದ್ದರು. ಅವರೆಲ್ಲಾ ದಡ್ಡರಾ?

ಸೋಮವಾರಪೇಟೆ ಮೆಡಿಕಲ್ಸ್:
ದಡ್ಡರಲ್ಲ ಅಣ್ಣ. ಕೆಮ್ಮಿನ ಸಿರಪ್‌ನಲ್ಲಿ ಬರುವ ಬ್ರೋಮ್‌ಹೆಕ್ಸಿನ್ ಇದೆಯಲ್ಲ, ಅದನ್ನು ಮಾಡಿದ್ದು ಆಡುಸೋಗೆಯಲ್ಲಿರುವ ವಾಸಿಸಿನ್ ಅನ್ನುವ ಅಂಶ ನೋಡಿಯೇ. ಕಫ ತೆಳು ಮಾಡುತ್ತೆ. ಆದರೆ ಊತ ಇಳಿಸುವುದು ಬೇರೆ ಕೆಲಸ. ದತ್ತೂರದಲ್ಲಿರುವ ಅಟ್ರೋಪಿನ್ ಕೊಳವೆ ಹಿಂಡುವ ನರದ ಸಂದೇಶವನ್ನು ತಡೆಯುತ್ತೆ, ಈಗಿನ ಟಿಯೋಟ್ರೋಪಿಯಂ ಪಂಪ್ ಅದೇ ಜಾತಿಯದು, ದಿನಕ್ಕೊಂದು ಸಲ ಸಾಕು. ಬೀಡಿ ಸೇದಿ ಅಥವಾ ಸೌದೆ ಒಲೆ ಹೊಗೆ ಕುಡಿದು ಶ್ವಾಸಕೋಶ ಹಾಳಾದವರಿಗೆ ಜಾಸ್ತಿ ಬರೆಯುತ್ತಾರೆ. ಆದರೆ ಎಲೆಯಲ್ಲಿ ವಿಷ ಎಷ್ಟಿದೆ ಅಂತ ಯಾರಿಗೆ ಗೊತ್ತು? ದಯವಿಟ್ಟು ಯಾರೂ ದತ್ತೂರ ಮುಟ್ಟಬೇಡಿ.

ಕುಶಾಲನಗರ ಹುಡುಗ:
ಉಬ್ಬಸಕ್ಕೆ ಕಡಕ್ ಕಾಫಿ ಕುಡಿದರೆ ಕಡಿಮೆ ಆಗುತ್ತೆ ಅಂತ ನಮ್ಮಜ್ಜಿ ಹೇಳುತ್ತಿದ್ದರು, ನಿಜಾನಾ?

ಸೋಮವಾರಪೇಟೆ ಮೆಡಿಕಲ್ಸ್:
ಸ್ವಲ್ಪ ನಿಜ. ಕೆಫೀನ್ ಮತ್ತು ಥಿಯೋಫಿಲಿನ್ ಮಾತ್ರೆ ಒಂದೇ ಕುಟುಂಬದವು. 19ನೇ ಶತಮಾನದಲ್ಲಿ ಹೈಡ್ ಸಾಲ್ಟರ್ ಅನ್ನುವ ಇಂಗ್ಲಿಷ್ ಡಾಕ್ಟರ್, ತಾನೇ ಅಸ್ತಮಾ ರೋಗಿ, ಗಟ್ಟಿ ಕಾಫಿಯನ್ನು ಮದ್ದು ಅಂತ ಬರೆದಿದ್ದರು. ಉಸಿರು ಪರೀಕ್ಷೆಗೆ ಹೋಗುವ ಮೊದಲು ಕಾಫಿ ಬೇಡ ಅನ್ನೋದೂ ಅದಕ್ಕೇ. ಆದರೆ ಪರಿಣಾಮ ತೀರಾ ಸಣ್ಣದು, ದಾಳಿ ಬಂದಾಗ ಕಾಫಿ ಕಾಯಿಸುತ್ತಾ ಕೂರಬಾರದು.

ಪೊನ್ನಂಪೇಟೆ ಟೀಚರ್:
ನನಗೆ ಏಳನೇ ವಯಸ್ಸಿನಿಂದ ಇದೆ. ಕಣದಲ್ಲಿ ಕಾಫಿ ಒಣಗಿಸಿ ಮೂಟೆ ಕಟ್ಟುವಾಗ ಆ ಧೂಳಿಗೆ ಇವತ್ತಿಗೂ ಎದೆ ಹಿಡಿಯುತ್ತೆ. ನನ್ನ ಪ್ರಶ್ನೆ ಬೇರೆ. ಅಮ್ಮ ಪಂಪ್ ಎಳೆಯುವ ರೀತಿ ಸರಿ ಇದೆಯಾ? ನಾನು ಎಷ್ಟೋ ವರ್ಷ ಬಾಯಿಗೆ ಸುಮ್ನೆ ಸ್ಪ್ರೇ ಹೊಡೆದುಕೊಂಡಿದ್ದೆ, ಮದ್ದೆಲ್ಲಾ ಗಂಟಲಲ್ಲೇ ಉಳಿಯುತ್ತಿತ್ತು, ಯಾವ ಆಸ್ಪತ್ರೆಯಲ್ಲೂ ಒಬ್ಬರೂ ತೋರಿಸಿ ಕೊಟ್ಟಿರಲಿಲ್ಲ, ಆ ಬೇಜಾರು ಇನ್ನೂ ಹೋಗಿಲ್ಲ. ಪಂಪ್ ಅಲ್ಲಾಡಿಸಬೇಕು, ಉಸಿರು ಪೂರ್ತಿ ಬಿಡಬೇಕು, ನಿಧಾನವಾಗಿ ಎಳೆಯಲು ಶುರು ಮಾಡಿದಾಗ ಒತ್ತಬೇಕು, ಆಮೇಲೆ ಹತ್ತು ಎಣಿಸುವ ತನಕ ಉಸಿರು ಹಿಡಿಯಬೇಕು. ಕ್ಯಾಪ್ಸೂಲ್ ಹಾಕುವ ಪುಡಿಯದಾದರೆ ಉಲ್ಟಾ, ಜೋರಾಗಿ ಎಳೆಯಬೇಕು. ವಯಸ್ಸಾದವರಿಗೆ ಸ್ಪೇಸರ್, ಅಂದರೆ ಪಂಪ್‌ಗೆ ಸಿಕ್ಕಿಸುವ ಟೊಳ್ಳು ಡಬ್ಬಿ, ತೆಗೆದುಕೊಡಿ, ಒತ್ತುವುದಕ್ಕೂ ಎಳೆಯುವುದಕ್ಕೂ ಹೊಂದಿಸುವ ಕಷ್ಟ ಇರಲ್ಲ. ಬುಡೆಸೊನೈಡ್ ಎಳೆದ ಮೇಲೆ ಬಾಯಿ ಮುಕ್ಕಳಿಸಿ ಉಗುಳಬೇಕು, ಇಲ್ಲದಿದ್ದರೆ ನಾಲಿಗೆ ಮೇಲೆ ಬಿಳಿ ಬಿಳಿ ಆಗುತ್ತೆ.

ಸುಂಟಿಕೊಪ್ಪದ ತೋಟಗಾರ:
ಮಾತ್ರೆಯಲ್ಲಿ 40 ಪಟ್ಟು ಅನ್ನೋದು ನನಗೆ ಗೊತ್ತಿರಲಿಲ್ಲ. ಅಪ್ಪನಿಗೂ ಕೈ ನಡುಗುತ್ತಿತ್ತು, ವಯಸ್ಸು ಅಂದುಕೊಂಡಿದ್ದೆವು. ಮದ್ದು ಸೊಪ್ಪು ನಾನು ಬಿಡಲ್ಲ, ಅದು ನಮ್ಮ ಹಬ್ಬ. ತಂಗಿ, ಅಮ್ಮನಿಗೆ ಪಾಯಸನೂ ಕೊಡಿ, ಆ ಪಂಪೂ ಕೊಡಿ.

ನಾಪೋಕ್ಲು ಮಗಳು:
ಥ್ಯಾಂಕ್ಸ್ ಅಣ್ಣ. ಪೈಪ್ ವಿಷಯ ಹೇಳಿದೆ, ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು "ಹಾಗಾದರೆ ಪಾಚಿ ಹಾಗೇ ಇದೆಯಾ" ಅಂದರು. ಶುಕ್ರವಾರ ಡಾಕ್ಟರ್ ಹತ್ತಿರ ಹೋಗುತ್ತೇವೆ. ಒಂದು ಭಯ ಉಳಿದಿದೆ. ಮನೆಯಲ್ಲಿ ಮದ್ದನ್ನು ಮಂಜಿನ ಹಾಗೆ ಮಾಡಿ ಕೊಡುವ ನೆಬ್ಯುಲೈಸರ್ ಮೆಷಿನ್ ಇದೆ, ಆದರೆ ಮಳೆಗಾಲದಲ್ಲಿ ಕರೆಂಟ್ ಹೋದರೆ ಮೂರು ದಿನ ಬರಲ್ಲ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ರಸ್ತೆಯೂ ಇರಲಿಲ್ಲ.

ಪೊನ್ನಂಪೇಟೆ ಟೀಚರ್:
ಸ್ಪೇಸರ್ ಇದ್ದರೆ ಕರೆಂಟ್ ಬೇಡ. ದಾಳಿ ಬಂದಾಗ ನೀಲಿ ಪಂಪ್‌ನಿಂದ ಒಂದು ಪಫ್ ಸ್ಪೇಸರ್‌ಗೆ ಒತ್ತಿ, ನಾಲ್ಕೈದು ಉಸಿರು ಎಳೆಯಲಿ, ಆಮೇಲೆ ಇನ್ನೊಂದು. ಹೀಗೆ ನಾಲ್ಕರಿಂದ ಹತ್ತು ಪಫ್ ತನಕ ಕೊಡಬಹುದು, ಹೆಚ್ಚಿನವರಿಗೆ ನೆಬ್ಯುಲೈಸರ್‌ನಷ್ಟೇ ಕೆಲಸ ಮಾಡುತ್ತೆ. ಆದರೆ ಒಂದು ವಾಕ್ಯ ಪೂರ್ತಿ ಮಾತಾಡಲು ಆಗದಿದ್ದರೆ, ತುಟಿ ನೀಲಿ ಆದರೆ ಕಾಯಬೇಡಿ. 108ಕ್ಕೆ ಫೋನ್ ಮಾಡಿ, ಪಫ್ ಕೊಡುತ್ತಲೇ ಜೀಪ್ ಹತ್ತಿಸಿ. ಮೇ ತಿಂಗಳಲ್ಲೇ ಎರಡೂ ಪಂಪ್ ಒಂದೊಂದು ಜಾಸ್ತಿ ತಂದು ಒಣ ಜಾಗದಲ್ಲಿಡಿ, ಎಲ್ಲಿದೆ ಅಂತ ಮನೆಯವರಿಗೆಲ್ಲಾ ಹೇಳಿಡಿ. ಶುಕ್ರವಾರ ಡಾಕ್ಟರ್ ಏನಂದರು ಬರೆಯಿರಿ.